ಇಬ್ಬರು ಎಳೆಯುವ ಹಗ್ಗ

ಜನವರಿ ೬, ಸೋಮವಾರ

ಬೇಕರಿಯವನು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಪ್ರತಿ ಪುಟದ ಮೂಲೆಯಲ್ಲಿ ಒಂದು ಬನ್ನಿನ ಚಿತ್ರ. ಪ್ರತಿ ವರ್ಷವೂ ಕೊಡುತ್ತಾನೆ, ಪ್ರತಿ ವರ್ಷವೂ ಪುಟ್ಟಿ ಅದರ ಹಾಳೆ ಹರಿದು ಬೆಣ್ಣೆ ಡಬ್ಬಕ್ಕೆ ಚೀಟಿ ಅಂಟಿಸುತ್ತಿದ್ದಳು. ಈ ವರ್ಷ ಹರಿಯುವವರಿಲ್ಲ. ಮಾತಾಡುವುದಕ್ಕೂ ಯಾರಿಲ್ಲ. ಅದಕ್ಕೇ ಬರೆಯುತ್ತಾ ಕೂತಿದ್ದೇನೆ. ಐವತ್ತೆಂಟನೇ ವಯಸ್ಸಿಗೆ ಹೊಸ ಚಟ.

ಪುಟ್ಟಿ ಅಂದರೆ ನನ್ನ ತಂಗಿ. ಐವತ್ತೊಂದು ವರ್ಷದ ಪುಟ್ಟಿ. ಹೋದ ತಿಂಗಳು ಗಡಿಯಾರ ರಿಪೇರಿಯವನನ್ನು ಮದುವೆಯಾಗಿ ಹೋದಳು. ಇಲ್ಲಿಂದ ಎರಡು ಬೀದಿ ದಾಟಿದರೆ ಅವನ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಮದುವೆಯಾದದ್ದಕ್ಕೆ ನನಗೇನೂ ಹೊಟ್ಟೆಕಿಚ್ಚಿಲ್ಲ. ನನ್ನನ್ನು ಒಂದು ಮಾತು ಕೇಳಲಿಲ್ಲ, ಅಷ್ಟೇ. ಮೂವತ್ತು ವರ್ಷ ಎದುರುಬದುರು ಕೂತು ಹಗ್ಗ ಎಳೆದವಳು ಒಂದು ದಿನ ಮುಖದ ಮುಂದೆ ಬಂದು ನಿಂತು, "ಅಕ್ಕಾ, ನಾಳೆ ಹನ್ನೊಂದಕ್ಕೆ ಕಚೇರಿಯಲ್ಲಿ ಸಹಿ ಹಾಕೋದಿದೆ, ಬರ್ತೀಯಲ್ಲ?" ಅಂದಳು. ಎಲ್ಲಾ ಮುಗಿದ ಮೇಲೆ ನನಗೆ ಸುದ್ದಿ! ಮತ್ತೆ ಏನೋ ಹೇಳಲು ಬಾಯಿ ತೆರೆದಳು. ನಾನು ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಸಹಿಗೂ ಹೋಗಲಿಲ್ಲ.

ಈಗ ಕಷ್ಟ ಏನೆಂದರೆ, ನಮ್ಮ ಕಡಗೋಲು ಇಬ್ಬರದು. ಎರಡು ಕೊಡ ಹಿಡಿಯುವ ಗಡಿಗೆ, ಪಕ್ಕದಲ್ಲಿ ಕಂಬ, ಕಂಬದ ಎರಡು ಬಳೆಯೊಳಗೆ ನಿಂತ ಕಡಗೋಲು, ಅದಕ್ಕೆ ಸುತ್ತಿದ ಹಗ್ಗ. ಆ ಕಡೆ ಒಬ್ಬಳು ಎಳೆದರೆ ಈ ಕಡೆಯವಳು ಬಿಡಬೇಕು, ಈ ಕಡೆಯವಳು ಎಳೆದರೆ ಆ ಕಡೆಯವಳು. ಈವತ್ತು ಎರಡು ತುದಿಯನ್ನೂ ನಾನೇ ಹಿಡಿದು ಎಳೆದು ನೋಡಿದೆ. ಕೈಗೆ ಅಷ್ಟು ದೂರ ಎಟುಕಬೇಕಲ್ಲ! ಗಡಿಗೆ ವಾಲಿ ಅರ್ಧ ಕೆನೆಮೊಸರು ನೆಲದ ಪಾಲಾಯಿತು. ಒರೆಸುತ್ತಾ ಅವಳನ್ನು ಬಾಯಿಗೆ ಬಂದ ಹಾಗೆ ಬೈದೆ.

ಜನವರಿ ೯, ಗುರುವಾರ

ಅಟ್ಟದಿಂದ ಅಜ್ಜಿ ಕಾಲದ ಮರದ ಪೀಪಾಯಿ ಇಳಿಸಿದೆ. ಸೊಂಟದೆತ್ತರ, ಬುಡ ಅಗಲ, ಬಾಯಿ ಕಿರಿದು. ಮುಚ್ಚಳದ ನಡುವೆ ತೂತು, ಅದರೊಳಗಿಂದ ಉದ್ದ ಕೋಲು, ಕೋಲಿನ ತುದಿಗೆ ತೂತುತೂತಿನ ಬಿಲ್ಲೆ. ನಿಂತುಕೊಂಡು ಎತ್ತಿ ಎತ್ತಿ ಕುಟ್ಟಬೇಕು. ಎರಡು ದಿನ ನೀರು ತುಂಬಿಟ್ಟೆ, ಹಲಗೆ ಉಬ್ಬಿ ಸಂದು ಮುಚ್ಚಿಕೊಳ್ಳಲಿ ಅಂತ. ಇದಕ್ಕೆ ಎರಡನೆಯವರು ಬೇಡ. ಒಂಟಿ ಹೆಂಗಸರಿಗೆಂದೇ ಯಾರೋ ಪುಣ್ಯಾತ್ಮ ಮಾಡಿದ್ದು.

ಬೆಣ್ಣೆ ಬಂದದ್ದನ್ನು ಸದ್ದೇ ಹೇಳುತ್ತದೆ, ಅಜ್ಜಿ ಹೇಳಿಕೊಟ್ಟದ್ದು. ಮೊದಲು ಸಳಸಳ. ಕೆನೆ ಉಬ್ಬಿದಾಗ ಸದ್ದು ಹೂತುಹೋದ ಹಾಗೆ ಮಂದ. ಆಮೇಲೆ ಇದ್ದಕ್ಕಿದ್ದಂತೆ ಒಡೆದು ಮಜ್ಜಿಗೆ ಬೇರೆ, ಕಾಳು ಬೇರೆ, ದಬಕ್ ದಬಕ್. ಆಗಲೇ ಕೈ ನಿಲ್ಲಿಸಬೇಕು. ಕಾಳು ಸಾಸಿವೆಯಷ್ಟಿರುವಾಗ ಮಜ್ಜಿಗೆ ಬಸಿದು ತಣ್ಣೀರಲ್ಲಿ ತೊಳೆದರೆ ವಾರವಾದರೂ ಹುಳಿ ವಾಸನೆ ಬರಲ್ಲ. ನಿಲ್ಲಿಸದೆ ಕುಟ್ಟಿದರೆ ಎಲ್ಲಾ ಒಂದೇ ಮುದ್ದೆಯಾಗಿ ಮಜ್ಜಿಗೆ ಒಳಗೇ ಉಳಿದುಬಿಡುತ್ತೆ. ಎಷ್ಟು ತೊಳೆದರೂ ಹೋಗಲ್ಲ.

ಈ ಹದದ ವಿಷಯದಲ್ಲಿ ನನ್ನ ಮುಂದೆ ಯಾರೂ ಇಲ್ಲ. ಬೀದಿಯೆಲ್ಲಾ ಸುಮ್ಮನೆ ಬೆಣ್ಣೆಯಕ್ಕ ಅಂತ ಕರೆಯುತ್ತಾ? ಪುಟ್ಟಿ ಬರೀ ಎಳೆಯುವವಳು, ಹದ ನನ್ನದು. ಅವಳದು ಒಂದೇ ಅಧಿಕಪ್ರಸಂಗ: ನಾನು ನಿಲ್ಲಿಸಬೇಕು ಅನ್ನುವಷ್ಟರಲ್ಲಿ ತಾನೇ ಹಗ್ಗ ಬಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ದಿನಾ ಇದೇ. ದಿನಾ ಬೈಯುತ್ತಿದ್ದೆ.

ಈ ಪೀಪಾಯಿ ಮಾತ್ರ ಮೂಗಿ. ಮರ ದಪ್ಪ, ಸದ್ದನ್ನು ಹೊರಗೇ ಬಿಡಲ್ಲ. ಮುದ್ದೆಯಾಗಿ ಕೂತಿತು. ಮೊದಲ ಸಲ ಅಲ್ವಾ, ಆಗುತ್ತೆ.

ಜನವರಿ ೧೩, ಸೋಮವಾರ

ಎಲ್ಲರೂ ಸೇರಿ ಮಸಲತ್ತು ಮಾಡಿದ್ದಾರೆ ಅನ್ನಿಸುತ್ತೆ.

ಹಾಲಿನವನು ಶನಿವಾರ ಬರಲೇ ಇಲ್ಲ. ಈವತ್ತು ಕೇಳಿದರೆ, ಬಂದಿದ್ದೆ, ಬೆಲ್ ಒತ್ತಿ ಒತ್ತಿ ಬೆರಳು ನೋವು ಬಂತು ಅಂತಾನೆ. ನಾನೇನು ಮನೆಯಲ್ಲಿರಲಿಲ್ವಾ? ಬಾಗಿಲ ಹಿಂದೆಯೇ ಪೀಪಾಯಿ ತೊಳೆಯುತ್ತಿದ್ದೆ. ಸುಳ್ಳು ಹೇಳುವುದಕ್ಕೂ ಒಂದು ನಾಚಿಕೆ ಬೇಕು.

ಕೆಳಗಿನ ಮಳಿಗೆಯ ದರ್ಜಿ ಮೆಟ್ಟಿಲ ಹತ್ತಿರ ಅಡ್ಡ ನಿಂತ. ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ಏನೋ ಗೊಣಗಿದ. ಸೂಜಿ ತೆಗೆದು ಮಾತಾಡಪ್ಪಾ ಅಂದೆ. ತೆಗೆದು ಕಿರುಚಿದ: "ಬೆಣ್ಣೆಯಕ್ಕಾ, ಬೆಳಿಗ್ಗೆ ಅದೇನು ಕುಟ್ತೀರಿ? ಸೂರು ಬಿದ್ದೋಗೋ ಥರ ಸದ್ದು! ನನ್ನ ಮಿಷನ್ನು ಕುಣಿಯುತ್ತೆ!"

ಈ ಮೂಗಿ ಪೀಪಾಯಿಗೆ ಸದ್ದಂತೆ. ಪಕ್ಕದಲ್ಲಿ ನಿಂತ ನನಗೇ ಇಲ್ಲದ್ದು ಕೆಳಗಿನವನಿಗೆ ಹೇಗಪ್ಪಾ ಬಂತು? ಮನುಷ್ಯನ ತಲೆ ಕೆಟ್ಟಿದೆ.

ಬೆಣ್ಣೆ ಈವತ್ತೂ ಮುದ್ದೆ. ಹಾಲು ಸರಿಯಿಲ್ಲ.

ಜನವರಿ ೧೫, ಬುಧವಾರ

ಮುದ್ದೆ. ಚಳಿ ಜಾಸ್ತಿ.

ಜನವರಿ ೧೭, ಶುಕ್ರವಾರ

ಮುದ್ದೆ. ಅವಳ ಕಣ್ಣು ಬಿದ್ದಿದೆ, ಇನ್ನೇನು.

ಜನವರಿ ೨೧, ಮಂಗಳವಾರ

ಡಬ್ಬ ಹೊತ್ತು ಬೇಕರಿಗೆ ಹೋದೆ. ನಮ್ಮ ಬೆಣ್ಣೆಗೆ ಅವನೊಬ್ಬನೇ ಗಿರಾಕಿ ಅಂದರೂ ತಪ್ಪಿಲ್ಲ, ಉಳಿದವರೆಲ್ಲಾ ಒಂದು ಉಂಡೆ ಎರಡು ಉಂಡೆಯವರು. ಅವನ ಬಿಸ್ಕತ್ತಿಗೆ ಇಪ್ಪತ್ತು ವರ್ಷದಿಂದ ನಮ್ಮದೇ ಬೆಣ್ಣೆ. ಅವನು ಬಿಟ್ಟರೆ ನಾನು ಈ ಕಸುಬು ಮುಚ್ಚಿ ಮೂಲೆಯಲ್ಲಿ ಕೂರಬೇಕಾಗುತ್ತೆ.

ಒಳಗೆ ಹಿಟ್ಟು ಕಲಸುವ ಯಂತ್ರ ಓಡುತ್ತಿತ್ತು. ಅವನು ಡಬ್ಬ ತೆರೆದು ಮೂಸಿದ, ಮುಖ ಸಿಂಡರಿಸಿದ, ಒಂದಷ್ಟು ಹೊತ್ತು ಏನೋ ಹೇಳಿದ. ನಾನು ಹೂಂ ಅಂದೆ. ಮತ್ತೆ ಏನೋ ಕೇಳಿದ. ಹೂಂ ಹೂಂ ಅಂದು ನಕ್ಕೆ. ಅವನೂ ನಿರಾಳವಾಗಿ ತಲೆ ಆಡಿಸಿದ. ಆ ಯಂತ್ರದ ಮುಂದೆ ನಿಂತು ಪ್ರತಿ ಮಾತಿಗೂ ಏನು, ಏನು ಅಂತ ಕೇಳುತ್ತಿದ್ದರೆ ಮುದುಕಿಗೆ ಅರಳುಮರಳು ಅಂದುಕೊಳ್ಳುತ್ತಾರೆ. ಒಂದು ಹೂಂ, ಒಂದು ನಗು, ಕೆಲಸ ಮುಗಿಯಿತು. ಎಷ್ಟೋ ವರ್ಷದಿಂದ ಹೀಗೇ ನಡೆಸಿಕೊಂಡು ಬಂದಿದ್ದೇನೆ, ಯಾರಿಗೂ ಏನೂ ಕಷ್ಟ ಆಗಿಲ್ಲ.

ಪುಟ್ಟಿ ಜೊತೆಗಿದ್ದಾಗ ಬೇರೆ ರಗಳೆ. ಯಾರು ಏನು ಹೇಳಿದರೂ ನನ್ನ ಕಡೆ ತಿರುಗಿ ಗಿಳಿಯ ಹಾಗೆ ಇನ್ನೊಂದು ಸಲ ಒಪ್ಪಿಸುವಳು. "ಅಕ್ಕಾ, ಗುರುವಾರಕ್ಕೆ ಒಂದು ಕಿಲೋ ಜಾಸ್ತಿ ಬೇಕಂತೆ." "ಅಕ್ಕಾ, ಉಪ್ಪು ಹಾಕೋದು ಬೇಡವಂತೆ." ಎಷ್ಟು ಸಲ ಗದರಿಸಿದೆ, ನನಗೇನು ಕಿವಿಯಿಲ್ವೇನೇ ಅಂತ. ಆಗೆಲ್ಲಾ ಸುಮ್ಮನೆ ನೆಲ ನೋಡುತ್ತಿದ್ದಳು. ಮನೆಗೆ ಬಂದು ಒಬ್ಬಳೇ ತಟ್ಟೆ ಹಾಕಿಕೊಂಡಾಗ ಆ ಗಿಳಿಯ ಒಪ್ಪಿಸುವಿಕೆಯೂ ಇರಬೇಕಿತ್ತು ಅನ್ನಿಸಿತು. ಸುಳ್ಳೇಕೆ ಬರೆಯಲಿ, ಇದನ್ನು ಓದುವವರು ಯಾರೂ ಇಲ್ಲವಲ್ಲ.

ಜನವರಿ ೨೩, ಗುರುವಾರ

ಬೇಕರಿಯವನು ಅರ್ಧ ಡಬ್ಬ ಮಾತ್ರ ತೆಗೆದುಕೊಂಡ! ಉಳಿದರ್ಧ ಯಂತ್ರದ ಬೆಣ್ಣೆಯವರಿಂದ ತರಿಸಿದ್ದಾನೆ. ಹಳದಿ ಕಾಗದ ಸುತ್ತಿದ ಇಟ್ಟಿಗೆಗಳು, ನನ್ನ ಕಣ್ಣೆದುರೇ ಜೋಡಿಸಿಟ್ಟಿದ್ದ.

ಇದೇನಯ್ಯಾ ಅಂತ ಕೂಗಾಡಿದೆ. ಅವನು ಕೌಂಟರ್ ಬಿಟ್ಟು ನನ್ನ ಹತ್ತಿರವೇ ಬಂದು ಹೇಳಿದ: "ಅಕ್ಕಾ, ಮೊನ್ನೆ ಕೇಳಿದ್ನಲ್ಲ. ಎರಡೇ ದಿನಕ್ಕೆ ಹುಳಿ ಬರ್ತಿದೆ, ಸದ್ಯಕ್ಕೆ ಅರ್ಧ ಅವರ ಹತ್ರ ತಗೊಳ್ಲಾ ಅಂತ. ನೀವೇ ಹೂಂ ಅಂದ್ರಲ್ಲ! ನಕ್ಕಿದ್ದೂ ಉಂಟು. ನಂಗೂ ಸಮಾಧಾನ ಆಯ್ತು, ದೊಡ್ಡ ಮನಸ್ಸು ಅಂದ್ಕೊಂಡೆ. ಫೆಬ್ರವರಿ ಹತ್ತರವರೆಗೆ ನೋಡ್ತೀನಿ ಅಂತಲೂ ಹೇಳಿದ್ದೆ. ಆಮೇಲೂ ಹಿಂಗೇ ಇದ್ರೆ ಪೂರ್ತಿ ಅವರದ್ದೇ."

ನಾನು ಹೂಂ ಅಂದದ್ದು ಹೌದು. ಆದರೆ ಇದಕ್ಕೆ ಅಲ್ಲ. ಯಾವುದಕ್ಕೆ ಅಂತ ನನಗೂ ಗೊತ್ತಿಲ್ಲ. ಹಾಗಂತ ಅವನಿಗೆ ಹೇಳಲಾಗುತ್ತಾ? ಉಳಿದ ಬೆಣ್ಣೆ ಹೊತ್ತು ವಾಪಸು ಬಂದೆ. ದಾರಿಯುದ್ದಕ್ಕೂ ಡಬ್ಬ ಭಾರ.

ಜನವರಿ ೩೦, ಗುರುವಾರ

ಒಂದು ವಾರ ಬರೆಯಲಿಲ್ಲ. ಬರೆಯಲು ಏನಿದೆ? ಕುಟ್ಟಿದೆ, ಮುದ್ದೆ, ತೊಳೆದೆ, ಮಲಗಿದೆ.

ಕಿಟಕಿಯ ಗುಬ್ಬಚ್ಚಿಗಳು ಬೆಳಿಗ್ಗೆ ಬಂದು ಕೂರುತ್ತವೆ, ಕೊಕ್ಕು ತೆರೆಯುತ್ತವೆ, ಮುಚ್ಚುತ್ತವೆ, ಚಿಲಿಪಿಲಿ ಇಲ್ಲ. ಅವಕ್ಕೂ ಚಳಿ ಹಿಡಿದಿದೆಯೋ ಏನೋ. ನಿನ್ನೆ ಹಾಲು ಉಕ್ಕಿ ಒಲೆಯೆಲ್ಲಾ ಹರಿದು ಸೀದು, ವಾಸನೆ ಬಂದ ಮೇಲೆ ಗೊತ್ತಾಯಿತು. ಎರಡು ಹೆಜ್ಜೆ ದೂರದಲ್ಲೇ ಕೂತಿದ್ದೆ.

ಇಡೀ ಬೀದಿಯೇ ಮಾತು ಬಿಟ್ಟಿದೆ. ಹೂವಿನವಳು ದಾಟಿ ಹೋಗುತ್ತಾಳೆ, ಮೊದಲಿನ ಹಾಗೆ ಕೂಗುವುದಿಲ್ಲ. ಮಂಗಳವಾರದಿಂದ ಈವತ್ತಿನವರೆಗೆ ಯಾರ ಜೊತೆಗೂ ಒಂದು ಮಾತಿಲ್ಲ. ಪುಟ್ಟಿ ಹೋಗಿ ಏಳು ವಾರ. ಎರಡು ಬೀದಿ. ಒಂದು ಸಲ, ಒಂದೇ ಒಂದು ಸಲ ಬಂದು ಬಾಗಿಲು ತಟ್ಟಲಿಲ್ಲ. ನಾನು ಸತ್ತರೂ ಹುಳಿ ವಾಸನೆ ಬಂದ ಮೇಲೇ ಇವರಿಗೆಲ್ಲಾ ತಿಳಿಯುವುದು.

ಅಳು ಬಂತು. ಅತ್ತೆ. ಈಗ ಸರಿಯಾಗಿದ್ದೇನೆ.

ಫೆಬ್ರವರಿ ೪, ಮಂಗಳವಾರ

ರವಿಕೆಯ ಹೊಲಿಗೆ ಕಂಕುಳಲ್ಲಿ ಬಿಟ್ಟಿತ್ತು, ದರ್ಜಿಯ ಹತ್ತಿರ ಹೋದೆ. ಯಥಾಪ್ರಕಾರ ಬಾಯಲ್ಲಿ ಸೂಜಿ. ಏನೋ ಹೇಳಿದ, ಹೂಂ ಅಂದೆ. ಅವನು ತಲೆ ಅಡ್ಡಡ್ಡ ಆಡಿಸಿ ಮತ್ತೆ ಹೇಳಿದ. ಮತ್ತೆ ಹೂಂ ಅಂದೆ. ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಗುರುತು ಹಾಕುವ ಚಾಕ್ ತೆಗೆದುಕೊಂಡು, ಮೇಜಿನ ಮೇಲಿದ್ದ ಯಾರದೋ ಕಪ್ಪು ಪ್ಯಾಂಟಿನ ಬಟ್ಟೆಯ ಮೇಲೆ ಬರೆದ:

ತಂಗಿ ನಾಲ್ಕು ಸಲ ಬಂದ್ರು. ಬಾಗಿಲು ಬಡಿದು ಬಡಿದು ಹೋದ್ರು. ಅತ್ಕೊಂಡು ಹೋದ್ರು.

"ಸುಳ್ಳು," ಅಂದೆ. "ನಾನು ಮನೆ ಬಿಟ್ಟು ಎಲ್ಲಿಗೂ ಹೋಗಲ್ಲ."

ಅದರ ಕೆಳಗೆ ಮತ್ತೆ ಬರೆದ: ಒಳಗೆ ಕುಟ್ಟೋ ಸದ್ದು ಬರ್ತಾನೇ ಇತ್ತು.

ರವಿಕೆಯನ್ನು ಅಲ್ಲೇ ಬಿಟ್ಟು ಮೇಲೆ ಬಂದೆ. ಮನುಷ್ಯ ಸುಳ್ಳ. ಆದರೆ ಸುಳ್ಳು ಹೇಳುವವನು ಗಿರಾಕಿಯ ಬಟ್ಟೆ ಯಾಕೆ ಹಾಳು ಮಾಡಿಕೊಳ್ಳುತ್ತಾನೆ?

ಫೆಬ್ರವರಿ ೫, ಬುಧವಾರ

ಗಡಿಯಾರದ ಅಂಗಡಿಗೆ ಹೋದೆ. ಪುಟ್ಟಿಯನ್ನು ಕೇಳಿಯೇ ಬಿಡೋಣ, ಬಂದಿದ್ದೆಯೋ ಇಲ್ಲವೋ ಅಂತ. ದಾರಿಯಲ್ಲಿ ಎರಡು ಸಲ ವಾಪಸು ತಿರುಗಿದೆ.

ಪುಟ್ಟಿ ಪೇಟೆಗೆ ಹೋಗಿದ್ದಳು. ಅವಳ ಗಂಡ ಒಳಗಿನಿಂದ ಕುರ್ಚಿ ತರಲು ಓಡಿದ. ನಾನು ಒಬ್ಬಳೇ ನಿಂತೆ. ಮೂರು ಗೋಡೆ ತುಂಬ ಗಡಿಯಾರ. ದೊಡ್ಡವು, ಚಿಕ್ಕವು, ಮನೆಯಾಕಾರದವು. ಎಂಥ ರಿಪೇರಿಯವನಿವನು, ಒಂದಾದರೂ ಟಿಕ್ ಅನ್ನುತ್ತಿಲ್ಲವಲ್ಲ, ಇಂಥವನನ್ನು ನಂಬಿ ಹೋದಳಲ್ಲ ಅಂದುಕೊಂಡೆ. ಅಂದುಕೊಳ್ಳುತ್ತಲೇ ನೋಡಿದೆ. ಲೋಲಕಗಳೆಲ್ಲಾ ಆಡುತ್ತಿದ್ದವು. ಎಲ್ಲವೂ. ಆ ಕಡೆ, ಈ ಕಡೆ. ಹತ್ತಿರ ಹೋಗಿ ಒಂದು ಗಡಿಯಾರಕ್ಕೆ ಕಿವಿ ಒತ್ತಿದೆ. ಕೆನ್ನೆಗೆ ಮರ ಸಣ್ಣಗೆ ಮಿಡಿಯುವುದು ಗೊತ್ತಾಯಿತು. ಕಿವಿಗೆ ಏನೂ ಇಲ್ಲ. ಅಷ್ಟರಲ್ಲಿ ಇನ್ನೊಂದರ ಬಾಗಿಲು ತೆರೆದು ಮರದ ಹಕ್ಕಿ ಹೊರಗೆ ಬಂದು ಹನ್ನೊಂದು ಸಲ ಬಾಯಿ ತೆರೆದು ಒಳಗೆ ಹೋಯಿತು.

ಅವನು ಕುರ್ಚಿ ಹಿಡಿದು ಬಂದಾಗ ನಾನು ಗೋಡೆ ಹಿಡಿದುಕೊಂಡಿದ್ದೆ. ಏನೋ ಕೇಳಿದ. ಬಾಯಲ್ಲಿ ಹೂಂ ಬಂದೇಬಿಟ್ಟಿತ್ತು, ನುಂಗಿಕೊಂಡೆ. "ನನಗೆ ಕಿವಿ ಕೇಳಿಸ್ತಿಲ್ಲ," ಅಂದೆ. ಎಷ್ಟು ಜೋರಾಗಿ ಅಂದೆನೋ, ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. "ಪುಟ್ಟಿಗೆ ಹೇಳಿ, ಬಾಗಿಲು ಬಡಿಯೋದು ಬೇಡ. ಚಿಲಕ ಹಾಕಿರಲ್ಲ. ತಳ್ಕೊಂಡು ಬರಲಿ."

ಅವನು ಒಳ್ಳೆಯವನ ಹಾಗೆ ಕಾಣುತ್ತಾನೆ. ಬೀದಿಯ ತಿರುವಿನವರೆಗೂ ಜೊತೆಗೆ ಬಂದ.

ಫೆಬ್ರವರಿ ೭, ಶುಕ್ರವಾರ

ಹಾಲು ಸರಿಯಿತ್ತು. ಚಳಿಯದೂ ತಪ್ಪಿಲ್ಲ. ಯಾರ ಕಣ್ಣೂ ಬಿದ್ದಿರಲಿಲ್ಲ. ಹದ ನನ್ನದು ಅಂತ ಮೆರೆದೆನಲ್ಲ, ಆ ಹದ ಅವಳದು. ಸದ್ದು ಒಡೆದದ್ದು ಕೇಳಿ ಅವಳು ಹಗ್ಗ ಬಿಡುತ್ತಿದ್ದಳು, ನಾನು ಅಧಿಕಪ್ರಸಂಗಿ ಅನ್ನುತ್ತಿದ್ದೆ. ಎಷ್ಟು ವರ್ಷದಿಂದಲೋ! ಅವಮಾನದಲ್ಲಿ ಊಟ ಇಳಿಯಲಿಲ್ಲ.

ಆದರೂ ಸೋಮವಾರಕ್ಕೆ ಹತ್ತನೇ ತಾರೀಖು. ಬೆಣ್ಣೆ ಸರಿಯಾಗಲೇಬೇಕು. ಈವತ್ತು ಕಣ್ಣು ಮುಚ್ಚಿ ಕುಟ್ಟಿದೆ, ಕೈಗೆ ಏನಾದರೂ ತಿಳಿಯುತ್ತಾ ನೋಡೋಣ ಅಂತ. ಮೊದಲು ಕೋಲು ಹಗುರ. ಆಮೇಲೆ ಕೆನೆ ಉಬ್ಬಿ ಭಾರ, ಎತ್ತಿದರೆ ಪೀಪಾಯಿಯೇ ಮೇಲೆ ಬರುತ್ತೇನೋ ಅನ್ನುವಷ್ಟು. ಹೀಗೇ ಒಂದಷ್ಟು ಹೊತ್ತು. ಥಟ್ಟನೆ ಒಂದು ಸಲ ಕೋಲು ಸಡಿಲವಾಗಿ ಕೆಳಗಿಳಿಯಿತು. ನಿಲ್ಲಿಸಿ ಕೋಲು ಎತ್ತಿ ನೋಡಿದೆ. ಅಷ್ಟು ಹೊತ್ತು ದಪ್ಪಗೆ ಮೆತ್ತಿಕೊಂಡಿದ್ದ ಕೆನೆ ಜಾರಿಹೋಗಿ ಮರ ಕಾಣುತ್ತಿತ್ತು, ಅದರ ಮೇಲೆ ಅಲ್ಲಲ್ಲಿ ಹಳದಿ ಕಾಳು. ಸಾಸಿವೆಯಷ್ಟು. ಸಾಸಿವೆಯಷ್ಟೇ!

ಐದು ನೀರಿಗೆ ತಿಳಿಯಾಯಿತು. ತಟ್ಟಿ ಉಂಡೆ ಮಾಡಿದೆ. ನೋಡು ಅಂತ ತೋರಿಸೋಣವೆಂದು ತಿರುಗಿದೆ, ಯಾರೂ ಇರಲಿಲ್ಲ.

ಫೆಬ್ರವರಿ ೯, ಭಾನುವಾರ

ಪುಟ್ಟಿ ಬಂದಳು. ನಾನು ಗಡಿಗೆ ಉಜ್ಜುತ್ತಿದ್ದೆ, ತಲೆ ಎತ್ತಿದರೆ ಎದುರಿಗೇ ನಿಂತಿದ್ದಾಳೆ, ಯಾವಾಗಿನಿಂದಲೋ. ಸ್ವಲ್ಪ ಮೈ ಬಂದಿದೆ. ಕಣ್ಣಿಗೆ ಹೊಸ ಕನ್ನಡಕ, ಗಂಡ ಮಾಡಿಸಿಕೊಟ್ಟದ್ದಂತೆ. ಮುಖ ಹೊಳೆಯುತ್ತಿದೆ, ನಿಜವಾಗಿ. ಮೂವತ್ತು ವರ್ಷದಲ್ಲಿ ಆ ಮುಖ ನಾನು ನೋಡಿರಲಿಲ್ಲ.

ಅವಳು ಸೀದಾ ಹೋಗಿ ಕಂಬದ ಹತ್ತಿರ ತನ್ನ ಮಣೆ ಹಾಕಿಕೊಂಡು ಹಗ್ಗದ ತುದಿ ಹಿಡಿದಳು. ನಾಳೆಯ ಕೆನೆಮೊಸರು ಸಿದ್ಧವಿತ್ತು. ಗಡಿಗೆಗೆ ಸುರಿದು ನಾನೂ ಕೂತೆ. ಎಳೆದೆವು. ಮೊನ್ನೆ ಶುಕ್ರವಾರ ಕೈ ಕಲಿತದ್ದು ಹಗ್ಗದಲ್ಲೂ ತಿಳಿಯಿತು. ಭಾರ ಬಂತು, ಇನ್ನೂ ಭಾರ, ಆಮೇಲೆ ಸಡಿಲ. ನಾನು ಹಗ್ಗ ಬಿಟ್ಟೆ. ಅವಳು ಬಿಟ್ಟಿರಲಿಲ್ಲ. ಬಾಗಿ ಗಡಿಗೆಯೊಳಗೆ ನೋಡಿ ನನ್ನ ಕಡೆ ನೋಡಿದಳು, ಸರಿಯಾಗಿದೆ ಅಂತ.

ಬೆಣ್ಣೆ ತೊಳೆದಿಟ್ಟ ಮೇಲೆ ನನ್ನ ಬಲಗಿವಿಯ ಹತ್ತಿರ ಬಂದು ಕೂತಳು. ಅದರಲ್ಲಿ ಇನ್ನೂ ಒಂದಿಷ್ಟು ಜೀವ ಇದೆ. ಕೂಗಿ ಕೂಗಿ ಮಾತಾಡಿದಳು, ದರ್ಜಿಗೂ ಪೂರ್ತಿ ಕೇಳಿಸಿರಬೇಕು.

"ಅಕ್ಕಾ, ನಾನು ನಿನ್ನ ಕೇಳದೆ ಹೋದೆ ಅಂತ ತಾನೇ ನಿನ್ನ ಕೋಪ? ನಾನು ಕೇಳಿದ್ದೆ. ನವೆಂಬರಿನಲ್ಲಿ. ಇಲ್ಲೇ ಹಗ್ಗ ಎಳೀತಾ, ಮೂರು ದಿನ ಕೇಳಿದೆ. ಅವರು ಮದುವೆ ಆಗು ಅಂತಿದ್ದಾರೆ, ಹೋಗ್ಲಾ ಅಕ್ಕಾ ಅಂತ. ಮೂರು ದಿನವೂ ನೀನು ಹೂಂ ಅಂದೆ."

ನಾನು ಕಿವಿಯನ್ನು ಇನ್ನಷ್ಟು ಹತ್ತಿರ ತಂದೆ. ಅವಳು ಇನ್ನೂ ಜೋರಾಗಿ ಹೇಳಿದಳು.

"ನಿಂಗೆ ಕಿವಿ ಮಂದ ಅಂತ ನಂಗೆ ಮೊದಲಿಂದ ಗೊತ್ತಿತ್ತು. ಹೇಳಿದ್ರೆ ಬೈತಿದ್ದೆ, ಅದಕ್ಕೆ ಹೇಳಲಿಲ್ಲ. ಕಡೆಯೋ ಸದ್ದಲ್ಲಿ ಕೇಳಿಸಲ್ಲ ಅಂತಲೂ ಗೊತ್ತಿತ್ತು. ಗೊತ್ತಿದ್ದೇ ಅಲ್ಲೇ ಕೇಳಿದೆ. ಪಕ್ಕದಲ್ಲಿ ಕೂತು ಕೇಳಿದ್ರೆ ನೀನು ಬೇಡ ಅಂದ್ಬಿಟ್ರೆ ಅಂತ ಭಯ. ಆ ಹೂಂ ಹಿಡ್ಕೊಂಡು ಹೋಗ್ಬಿಟ್ಟೆ. ಕಳ್ಳಿ ಥರ ಹೋದೆ ಅಕ್ಕಾ. ಅಲ್ಲಿ ಒಂದು ದಿನ ನೆಮ್ಮದಿಯಾಗಿ ನಿದ್ದೆ ಮಾಡಿಲ್ಲ. ನಿಜ ಹೇಳು, ಆವತ್ತು ನಿಂಗೆ ಕೇಳಿಸಿತ್ತಾ?"

ಇಲ್ಲಿ ನಿಜ ಬರೆಯುತ್ತೇನೆ. ಕೇಳಿಸಿರಲಿಲ್ಲ. ಅವಳ ಬಾಯಿ ಆಡಿದ್ದು ನೆನಪಿದೆಯೋ ಏನೋ, ಮಾತು ಒಂದೂ ಇಲ್ಲ. ಕೇಳಿಸಿದ್ದಿದ್ದರೆ ಬೇಡ ಅನ್ನುತ್ತಿದ್ದೆ. ಖಂಡಿತ ಬೇಡ ಅನ್ನುತ್ತಿದ್ದೆ, ಅತ್ತು ಕರೆದು ರಂಪ ಮಾಡುತ್ತಿದ್ದೆ. ಬೇಡ ಅಂದಿದ್ದರೆ ಅವಳು ಹೋಗುತ್ತಿರಲಿಲ್ಲ. ನನ್ನ ಎದುರು ಕೂತು ಹಗ್ಗ ಎಳೆಯುತ್ತಾ, ನಾನು ಬೈದಾಗ ನೆಲ ನೋಡುತ್ತಾ ಮುದುಕಿಯಾಗುತ್ತಿದ್ದಳು. ಈ ಕನ್ನಡಕ, ಈ ಮುಖ ಯಾವುದೂ ಇರುತ್ತಿರಲಿಲ್ಲ.

"ಕೇಳಿಸದೆ ಏನೇ?" ಅಂದೆ. "ಮೂರು ದಿನವೂ ಕೇಳಿಸಿತ್ತು. ಮೊದಲನೇ ದಿನವೇ ಹೂಂ ಅಂದಿದ್ದೀನಲ್ಲ, ಮತ್ತೆ ಮತ್ತೆ ಯಾಕೆ ಕೇಳ್ತಾಳೆ ಇವಳು ಅಂತ ಸಿಟ್ಟೂ ಬಂದಿತ್ತು. ಕಿವಿ ಹೋಗಿದ್ದು ಆಮೇಲೆ, ಈ ಚಳಿಗೆ."

"ಮತ್ತೆ ಸಹಿ ಹಿಂದಿನ ದಿನ ಯಾಕೆ ಚಿಲಕ ಹಾಕ್ಕೊಂಡೆ?"

"ಕಳಿಸಿಕೊಡೋಕೆ ಸಂಕಟ ಆಗಲ್ವೇನೇ? ನಾನೇನು ಕಲ್ಲಾ?"

ನನ್ನ ಮುಖವನ್ನೇ ತುಂಬ ಹೊತ್ತು ನೋಡಿದಳು. ನಂಬಿದಳೋ, ನಂಬಿದ ಹಾಗೆ ಮಾಡಿದಳೋ, ನನಗೆ ಗೊತ್ತಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಆಮೇಲೆ ನಕ್ಕಳು. ನಾನೂ ನಕ್ಕೆ. ನಾಳೆ ಬೇಕರಿಗೆ ಒಯ್ಯುವ ಡಬ್ಬವನ್ನು ಇಬ್ಬರೂ ಸೇರಿ ತುಂಬಿದೆವು.

ಸಂಜೆ ಹೊರಟಳು. ಮೆಟ್ಟಿಲು ಇಳಿಯುತ್ತಾ ಅರ್ಧದಲ್ಲಿ ತಿರುಗಿ ಏನೋ ಅಂದಳು. ನಾನು ಒಂದೊಂದೇ ಮೆಟ್ಟಿಲು ಇಳಿದು ಅವಳ ಪಕ್ಕಕ್ಕೆ ಹೋಗಿ ನಿಂತೆ.

"ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳು."

"ಬುಧವಾರ ಬರ್ಲಾ ಅಂದೆ ಅಕ್ಕಾ!"

"ಬಾ," ಅಂದೆ.